ಸೀಗಡಿಹಳ್ಳಕ್ಕೆ ಅಂಕ

ಮೊದಲ ಕಾಲಂ: ಹಳ್ಳದ ಹೆಸರು.
ಸೀಗಡಿಹಳ್ಳ, ಎಂದು ಬರೆದೆ. ಅಲ್ಲಿಗೆ
ಸೀಗಡಿಯ ಬಗ್ಗೆ ಬರೆಯುವುದು ಮುಗಿಯಿತು.

ಸಿಂಧನೂರಿನಿಂದ ಹನ್ನೊಂದು ಕಿಲೋಮೀಟರು,
ಕಾಲುವೆ ದಾಟಿ, ರೈಸ್‌ಮಿಲ್ಲಿನ ಬೂದಿಗುಡ್ಡೆ ದಾಟಿ,
ಬಳ್ಳಾರಿ ಜಾಲಿ ಸೆರಗು ಹಿಡಿದೆಳೆಯುವ ದಂಡೆ.
ಶಿವರಾತ್ರಿ ಕಳೆದು ಒಂಬತ್ತು ದಿನ; ಏಳು ಗಂಟೆಗೇ
ಬಿಸಿಲು ಬೆನ್ನ ಮೇಲೆ ಕೈಯಿಟ್ಟು ನಿಂತಿದೆ.
ನಾನು, ಬಿ.ಎಸ್ಸಿ. ಕೊನೇ ವರ್ಷದ ಮೌನೇಶ, ಶಾಹೀನಾ,
ಎರಡು ಚಹಾ ಜರಡಿ, ಊಟದ ಬಿಳಿ ತಾಟು,
ಬಣ್ಣದ ಮೀನು ಮಾರುವವನಿಂದ ತಂದ ಪರೀಕ್ಷೆಯ ಡಬ್ಬಿ.

ತಾಟಿನಲ್ಲಿ ಕೆಸರು ತಳಕ್ಕಿಳಿಯಲು ಕಾಯಬೇಕು.
ಕಾಯುವುದೇ ಅರ್ಧ ವಿಜ್ಞಾನ ಎಂದು ತರಗತಿಯಲ್ಲಿ ಹೇಳಿದ್ದೆ,
ಮೂಗು ಮುಚ್ಚಿಕೊಂಡು ಕಾಯಬೇಕೆಂದು ಹೇಳಿರಲಿಲ್ಲ.

ತಿಳಿಯಾಯಿತು. ಎಣಿಸಿದೆವು.
ಜಿಗಣೆ ಮೂರು. ಬಸವನಹುಳು ಹದಿನಾಲ್ಕು,
ಅದರಲ್ಲಿ ಒಂಬತ್ತು ಬರೀ ಮನೆ, ಒಳಗೆ ಯಾರೂ ಇಲ್ಲ.
ಕೊಡತಿಹುಳದ ಮರಿ ಸೊನ್ನೆ.
ಕೆಂಪು ದಾರದಂಥ ಹುಳು, ಎಣಿಸಿ ಸಾಕಾಗಿ, 'ಬಹಳ'.
'ಮೇಡಂ, ಇದು ಯಾಕ ಇಷ್ಟು ಕೆಂಪು?'
ನಮ್ಮಂಥದೇ ರಕ್ತ, ಮೌನೇಶ. ಉಸಿರಿಲ್ಲದ ರಾಡಿಯಲ್ಲೂ
ಇದ್ದಬದ್ದ ಗಾಳಿ ಕೂಡಿಟ್ಟುಕೊಳ್ಳುತ್ತದೆ.
ಅವನು ತನ್ನ ಬೆರಳ ತುದಿ ನೋಡಿಕೊಂಡ.

ಗದ್ದೆಯ ಬಸಿನೀರು ಸಣ್ಣಗೆ ಸೇರುತ್ತಲೇ ಇದೆ,
ಯೂರಿಯಾ ಕುಡಿದು, ಹಸಿರು ಕಾರಿ.
ಔಷಧಿ ಬಾಟಲಿಯೊಂದು ಆಪಿನ ಬುಡದಲ್ಲಿ ಸಿಕ್ಕಿ
ಹೂಂ, ಹೂಂ ಎಂದು ತಲೆಯಾಡಿಸುತ್ತಿದೆ.

ಕಾಲಂ ಏಳು: ನೀರಿನ ಹರಿವು.
ವರ್ಷವಿಡೀ ಇದ್ದರೆ ಹತ್ತು. ಬೇಸಿಗೆಯಲ್ಲಿ ಬತ್ತಿದರೆ ಎರಡು.
ಶಾಹೀನಾ ಹತ್ತು ಎಂದು ಬರೆದಳು.

ಆಚೆ ಆಪು ಕೊಯ್ಯುತ್ತಿದ್ದ ಹುಸೇನಮ್ಮ
ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಬಂದು ಕೇಳಿದಳು:
'ಏನ್ ಬರಕೊಂಡಿ ಯವ್ವಾ?' ಓದಿ ಹೇಳಿದೆ. ನಕ್ಕಳು.
'ಮೈ ಸುಡಾಕತ್ತೈತಂತ
ಜ್ವರಕ್ಕ ಹತ್ತು ಮಾರ್ಕ್ಸ್ ಕೊಟ್ಟಂಗಾತು ನೋಡು.'

'ನಾ ನಡ್ಯಾಕ ಬಂದಾಗ ಈ ಹೊತ್ತಿಗೆ ಇಲ್ಲಿ ನೀರs ಇರ್ತಿದ್ದಿಲ್ಲ.
ಉಸುಕು. ಮಲ್ಲಿಗಿ ಹಾಸಿದಂಗ ಉಸುಕು.
ಮೊಳಕೈ ಮಟ ಕೆದರಿದರ ವರತಿ.
ಬಟ್ಟಲದಾಗ ತುಂಬಿ, ಬಟ್ಟಿ ಸೋಸದs ಕುಡೀತಿದ್ವಿ.
ಮಳಿ ಬಂದ್ರ ಸೀಗಡಿ, ಎಲ್ಲಿ ಅಡಗಿರ್ತಿದ್ವೋ ಏನೋ,
ಸೀರಿ ಸೆರಗಿಗೆ ಜಿಗೀತಿದ್ದವು.'

ಒಂದು ಗಳಿಗೆ ಸುಮ್ಮನಿದ್ದು, ತಾನೇ ತನಗೆ ಅಡ್ಡ ಮಾತಾಡಿದಳು:
'ಖರೇ ಹೇಳ್ತೀನಿ, ಈ ಹೊಲಸು ನೀರು ನಿಂತ ಮ್ಯಾಲs
ಆಪು ಬಂತು, ನನ್ನ ಚಾಪಿ ಬಂತು.
ಎರಡು ಹೆಣ್ಣು ಹುಡುಗ್ರ ಮದಿವಿ ಇದರಾಗs ಆತು.
ಇದನ್ನ ಬೈಯಾಕ ನನಗ ಬಾಯಿಲ್ಲ.'

ಹೋಲಿಕೆಗೆ ಸಮೀಪದ ಆರೋಗ್ಯವಂತ ಹಳ್ಳ,
ಎಂದು ಕೇಳುತ್ತದೆ ಕಾಲಂ ಹನ್ನೆರಡು.
ಸಮೀಪ ಎಲ್ಲಿದೆ? ಮೂವತ್ತು ಬೇಸಿಗೆ ಹಿಂದೆ,
ಇದೇ ದಂಡೆಗಳ ನಡುವೆ, ಬತ್ತಿಕೊಂಡು, ಒಳಗೊಳಗೇ ತಣ್ಣಗೆ.
ಅದಕ್ಕೆ ಈ ನಮೂನೆ ಎರಡು ಅಂಕ ಕೊಡುತ್ತಿತ್ತು.

ಷರಾ, ಒಂದೇ ಸಾಲಿನಲ್ಲಿ. ಬರೆದೆ:
ಈ ಹಳ್ಳಕ್ಕೆ ವರ್ಷಕ್ಕೆ ಐದು ತಿಂಗಳು ಬತ್ತಲು ಬಿಡುವು ಬೇಕು.
ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದೆ.

ಉಸುಕು ಉಳಿದಿದೆಯೇನೋ ಎಂದು ಹುಸೇನಮ್ಮ
ಬಳೆ ಮೇಲೆ ಸರಿಸಿ, ಬಗ್ಗಿ, ಕೈಯಿಳಿಸಿದಳು.
ಮಣಿಕಟ್ಟು ಹೋಯಿತು. ಮೊಳಕೈ ಹೋಯಿತು.
'ಲಾರಿಯವ್ರು ಚಲೋತ್ನ್ಯಾಗಿ ಬಳದಾರ' ಎಂದಳು.
ತೆಗೆದ ಕೈ ಮೊಳಕೈವರೆಗೆ ಕಪ್ಪು.

ಒರೆಸಿಕೊಳ್ಳಲು ಹುಲ್ಲು ಹುಡುಕುತ್ತಿದ್ದಳು.
ಹರಿಯುವ ನೀರು ಅವಳ ಪಾದದ ಪಕ್ಕದಲ್ಲೇ ಇತ್ತು.
ಶಾಹೀನಾ ಬ್ಯಾಗಿನಿಂದ ತನ್ನ ಕುಡಿಯುವ ಬಾಟಲಿ ತೆಗೆದು,
ಮುಚ್ಚಳ ತಿರುಗಿಸಿ,
ಆ ಕೈ ತೊಳೆಯತೊಡಗಿದಳು.