ಗೋಡೆಯ ಬಾಯಿ

ನೀರು ಹೊಕ್ಕ ಕಡೆಯೇ ಇಳಿಯುವುದಿಲ್ಲ.
ಇದನ್ನು ಮೊದಲ ದಿನವೇ ಅರ್ಲೀನ್ ವರ್ಡಿನ್‌ಗೆ ಹೇಳಿದೆ,
ಅವಳ ಹಾಲಿನಲ್ಲಿ, ಮೂರು ಬಕೆಟ್ಟುಗಳ ಮಧ್ಯೆ ನಿಂತು.
ತೂತು ಎಲ್ಲೋ ಮೇಲೆ,
ಪೈಪು ಮಾಡನ್ನು ಸೀಳಿ ಹೊರಬರುವಲ್ಲಿ,
ತಗಡಿನ ಕಾಲರು ಬಿರುಗಾಳಿಗೆ ಎದ್ದು ಕೂತಲ್ಲಿ.
ಅಲ್ಲಿಂದ ತೊಲೆ ಹಿಡಿದು, ಮೊಳೆಯಿಂದ ಮೊಳೆಗೆ,
ತಡರಾತ್ರಿ ಮನೆಗೆ ಬರುವವರ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು,
ಹದಿನಾಲ್ಕು ಅಡಿ ನಡೆದು
ಬಚ್ಚಲಿನ ಗೋಡೆಯೊಳಗೆ ಹೋಗಿ ಕೂತಿದೆ.

"ಹಾಗಾದರೆ ಈ ಬಕೆಟ್ಟು?"
"ಇದು ದಾರಿಯಲ್ಲಿ ಚೆಲ್ಲಿದ್ದು."

ಲೂಸಿಯಾನದ ಹೂಮಾ ಊರಿಗೆ ಆ ಸೆಪ್ಟೆಂಬರಿನಲ್ಲಿ
ನೀಲಿ ತಾಡಪಾಲೇ ಸೂರು.
ಇನ್ಶೂರೆನ್ಸಿನ ಹುಡುಗ
ಏಣಿಯನ್ನು ಕಾರಿನ ಮೇಲೇ ಬಿಟ್ಟು
ಅಂಗಳದಿಂದ ಫೋಟೋ ತೆಗೆದು ಹೋಗಿದ್ದ.
ಗಾಳಿ ಕೆಡಿಸಿದ್ದಕ್ಕೆ ದುಡ್ಡು ಉಂಟು,
ಹಳೆಯದಾಗಿ ಕೆಟ್ಟದ್ದಕ್ಕೆ ಇಲ್ಲ ಅಂದನಂತೆ.
ಅರ್ಲೀನ್ ಕೇಳಿದಳಂತೆ:
"ಗಾಳಿಯೇ ಹಳೆಯದಾಗಿದ್ದರೆ?"

ನನ್ನ ಮೀಟರಿಗೆ ಎರಡೇ ಹಲ್ಲು.
ಕಚ್ಚಿಸಿದರೆ ಅಂಕಿ ಹೇಳುತ್ತದೆ. ಮೂವತ್ತೆಂಟು.
ಹದಿನೈದಕ್ಕೆ ಇಳಿಯುವ ತನಕ ಮುಚ್ಚಬಾರದು.
ಬಣ್ಣ ಬಳಿದು ಕೈ ತೊಳೆದುಕೊಳ್ಳಿ ಅಂದ
ಅವಳ ಗಂಡನ ಅಕ್ಕನ ಮಗ.
ಕೀವಿನ ಮೇಲೆ ಪೌಡರು ಹಾಕುವ ಕೆಲಸ
ನಾನು ಮಾಡುವುದಿಲ್ಲ ಅಂದೆ.
ಅವನು ನನ್ನನ್ನು ನೋಡಿದ, ನನ್ನ ಲಂಗದಂಥ ಪ್ಯಾಂಟು ನೋಡಿದ,
"ಗಂಡಸರು ಯಾರೂ ಬರುವುದಿಲ್ಲವೇ?" ಅಂದ.
ಬಂದಿದ್ದಾನಲ್ಲ, ಓಸ್ಮಿನ್,
ಹತ್ತೊಂಬತ್ತು ವರ್ಷ, ನನ್ನ ಊರು ಚೊಲೊಮಾದವನೇ.
ಕಸ ಹೊರುತ್ತಾನೆ.

ಮೊದಲು ಮಾಡು. ಯಾವತ್ತೂ ಮೊದಲು ಮಾಡು.
ಕಾಲರು ಬದಲಿಸಿ, ಡಾಂಬರು ಮೆತ್ತಿ, ಕೆಳಗಿಳಿದು,
ಬಚ್ಚಲಿನ ಕನ್ನಡಿ ಪೆಟ್ಟಿಗೆ ಕಳಚಿದೆ.
ಅದರ ಬೆನ್ನಿನಲ್ಲೊಂದು ಸಣ್ಣ ಸೀಳು.
ಗೋಡೆಗೆ ಕಿವಿ ಇದೆ ಅನ್ನುತ್ತಾರೆ.
ಈ ಗೋಡೆಗೆ ಬಾಯಿ ಇತ್ತು.

ಚಾಕು ಎಳೆದೆ.
ಜಿಪ್ಸಮ್ ಹಲಗೆ ನೆನೆದ ಬ್ರೆಡ್ಡಿನಂತೆ ಕೈಗೆ ಬಂತು,
ಬೆನ್ನ ತುಂಬ ಕಪ್ಪು ಬೂಷ್ಟು.
ಆಮೇಲೆ
ಸದ್ದು ಸುರಿಯಿತು.

ಬ್ಲೇಡುಗಳು.
ನೂರೋ, ಸಾವಿರವೋ,
ತುಕ್ಕಿಗೆ ಒಂದಕ್ಕೊಂದು ಅಂಟಿ
ಕೆಂಪಗಿನ ಗಟ್ಟಿ ಹೆಂಟೆಗಳಾಗಿ ಉರುಳಿದವು,
ಕೆಲವು ಮಾತ್ರ ಬಿಡಿಬಿಡಿಯಾಗಿ, ಇನ್ನೂ ಹೊಳೆಯುತ್ತ.
ಓಸ್ಮಿನ್ ಟಬ್ಬಿನೊಳಕ್ಕೆ ಹಾರಿ ನಿಂತ.

ಬಾಗಿಲಲ್ಲಿ ಅರ್ಲೀನ್.
"ಅಯ್ಯೋ, ಕ್ಲೋವಿಸ್" ಅಂದಳು,
ಊಟದ ಮೇಜಿನಲ್ಲಿ ಸಾರು ಚೆಲ್ಲಿದವನಿಗೆ ಅಂದ ಹಾಗೆ.

ಆಗಿನ ಪೆಟ್ಟಿಗೆಗಳೇ ಹಾಗೆ;
ಸವೆದ ಬ್ಲೇಡನ್ನು ಸೀಳಿಗೆ ತುರುಕಿ ಮರೆತುಬಿಡುವುದು.
ಸಿಗಡಿ ದೋಣಿಯವನು ಅವಳ ಗಂಡ.
ಕಡಲಿಗಿಳಿಯುವ ಹಿಂದಿನ ರಾತ್ರಿ ತಪ್ಪದೆ ಗಡ್ಡ.
"ಸಿಗಡಿ ನಿನ್ನ ಮುಖ ನೋಡುತ್ತದೇನು ಅಂತ ಕೇಳುತ್ತಿದ್ದೆ.
ಇವೆಲ್ಲ ಎಲ್ಲಿಗೆ ಹೋಗುತ್ತವೆ ಅಂತಲೂ ಒಮ್ಮೆ ಕೇಳಿದ್ದೆ.
ಒಳಗೆ, ಅಂದಿದ್ದ."

ನಾಲ್ಕು ಫ್ಯಾನು, ಒಂದು ತೇವ ಹೀರುವ ಯಂತ್ರ, ಹನ್ನೊಂದು ದಿನ.
ಮೂವತ್ತೊಂದು. ಇಪ್ಪತ್ತಾರು. ಒಂದು ದಿನ ಹೊರಗೆ ಮಳೆ, ಇಪ್ಪತ್ತೇಳು.
ಆ ಗದ್ದಲದಲ್ಲಿ ನಿದ್ದೆ ಹೇಗೆ ಅಂದರೆ
"ಎಂಜಿನ್ನಿನ ಪಕ್ಕ ಮಲಗಿ ಅಭ್ಯಾಸ" ಅಂದಳು.
ನನಗೆ ಮಾತ್ರ ನನ್ನ ಬಾಡಿಗೆ ಕೋಣೆಯಲ್ಲೂ
ಕಿವಿಯೊಳಗೆ ಅದೇ ಫ್ಯಾನು.

ಹದಿನಾಲ್ಕಕ್ಕೆ ಇಳಿದ ಬೆಳಿಗ್ಗೆ
ಕಾಫಿ ಡಬ್ಬಿ ಹಿಡಿದು ಬಂದಳು. ಭಾರ. ಮುಚ್ಚಳಕ್ಕೆ ಟೇಪು.
ಹೊಸ ಹಲಗೆ ಬಡಿಯುವ ಮೊದಲು ಒಳಗಿಡು ಅಂದಳು.
ಆಗುವುದಿಲ್ಲ ಅಂದೆ: ನಾಳೆ ಯಾರೋ ಗೋಡೆ ಕೊಯ್ಯುತ್ತಾರೆ,
ಅವರ ಕೈಗೆ ಗತಿಯೇನು?
ಅವಳು ನನ್ನ ಕಿವಿಯ ಮೇಲಿನ ಪೆನ್ಸಿಲು ತೆಗೆದುಕೊಂಡು,
ಒಣಗಿದ ಕಂಬದ ಮೇಲೆ, ಮೊಣಕಾಲೂರಿ, ನಿಧಾನಕ್ಕೆ ಬರೆದಳು:

ಮುಂದಿನ ಮಳೆಗೆ ಬರುವವರೇ,
ಕೈ ಜೋಪಾನ.
ಇವು ಕ್ಲೋವಿಸನವು.

ಇಟ್ಟೆ. ಮುಚ್ಚಿದೆ. ಸಂದಿಗೆ ಟೇಪು, ಮೇಲೆ ಮೂರು ಕೋಟು ಗಾರೆ,
ಒಂದೊಂದಕ್ಕೂ ಒಂದು ದಿನ ಬಿಟ್ಟು.
ಕನ್ನಡಿಯ ಹಿಂದಿನ ಸೀಳನ್ನು ಮುಚ್ಚಿಸಲಿಲ್ಲ.
ಯಾವ ಬಣ್ಣ ಅಂತ
ಅವಳಿನ್ನೂ ಹೇಳಿಲ್ಲ.