ಮೂರನೇ ಎಳಿ

ಸೊಲ್ಲಾಪುರದ ಅಕ್ಕಲಕೋಟ ರೋಡಿನ ಕಾರಖಾನಿಯೊಳಗ
ಬೀಮ ಎತ್ತಿ ಎತ್ತಿ
ತೊಡಿಸಂದ್ಯಾಗ ನಿಂಬಿಕಾಯಿಯಷ್ಟು ಉಬ್ಬಿತ್ತು.
ಮಲಗಿದರ ಒಳಗ, ಕೆಮ್ಮಿದರ ಹೊರಗ,
ನಮ್ಮ ಮಾಲಕನ ಮಾತಿನಂಗ.

ನಾ ಅಂಜಿದ್ದು ಉಬ್ಬಿಗಲ್ಲ.
ಅಣ್ಣ ಅಮೋಗಿಯ ನಡಿಗಿ ನೋಡಿ ಅಂಜಿದ್ದೆ.

ಏಳು ವರ್ಷದ ಹಿಂದ ಅವಂದೂ ಇದ ಆಪರೇಷನ್.
ಗಾಯ ಮಾಯ್ತು, ನೋವು ಮಾಯಲಿಲ್ಲ.
ಇವತ್ತಿಗೂ ಸೈಕಲ್ ಏರಬೇಕಾದರ
ಎಡಗಾಲು ಕೈಲೆ ಎತ್ತಿ ಆಚೆ ಇಡತಾನ.
ಚಡ್ಡಿಯ ಲಾಡಿ ತಾಕಿದರ ಸಾಕು
ಕರೆಂಟು ಹೊಡದಂಗ ಚಿಟ್ಟನೆ ಚೀರತಾನ.
ಫೋಟೋ ತಗಸಿದರು, ಎಲ್ಲಾ ಬರೋಬ್ಬರಿ ಅಂದ್ರು.
ಕಾರಖಾನಿಯವರು ನಾಟಕ ಅಂದ್ರು.
ವೈನಿ ಏನೂ ಅನ್ನಲಿಲ್ಲ,
ಹಾಸಿಗಿ ಬ್ಯಾರೆ ಹಾಸಿದಳು.

ಇದನ್ನೆಲ್ಲಾ ಕೇಳಿ ಡಾಕ್ಟರ ಯೆಮುಲ್‌ಬಾಯಿ
ಪೆನ್ನು ಕೆಳಗಿಟ್ಟಳು.
"ನಿಂಗ ಈಗ ನೋವು ಐತೇನು? ಎಲ್ಲಿ? ಬೆರಳಿಟ್ಟು ತೋರಸು.
ಮೊದಲ ನೋಯಾವ್ರಿಗೆ ಆಮ್ಯಾಲೂ ನೋಯೂ ಸಂಭವ ಜಾಸ್ತಿ.
ಗೊತ್ತಿದ್ದರ ಛಲೋ."
ಬೆರಳಿಟ್ಟು ತೋರಸು ಅಂತ
ಅಮೋಗಿಗೆ ಯಾರೂ ಅಂದಿರಲಿಲ್ಲ.

ಬೆನ್ನಾಗ ಸೂಜಿ. ಸೊಂಟದ ಕೆಳಗ ನಾ ಇಲ್ಲ.
ಹಸರು ಪಡದೆಯ ಆಚೆ ಆಕಿ
ತನ್ನ ಮನಿ ಮಾತಿನ್ಯಾಗ ನರ ಎಣಸತಿದ್ಲು:
ಒಕಟಿ. ರೆಂಡು.
ಆಮ್ಯಾಲ ಸುಮ್ಮಗಾದಳು.
"ಜಾಳಿಗಿ ಇಟ್ಟುಬಿಡೋಣೇನ್ರಿ ಮ್ಯಾಡಂ?" ಅಂದ ಹುಡುಗ ಡಾಕ್ಟರ.
"ಮೂರನೇದು ಎಲ್ಲಿ?"

ಆ ಸುಮ್ಮಗಿನ ಗುರುತು ನಂಗೈತಿ.
ಎರಡು ಸಾವಿರ ಎಳಿಯ ಹಾಸಿನ್ಯಾಗ
ಒಂದು ತಪ್ಪೇತಿ ಅಂದಾಗ
ಮಗ್ಗ ನಿಲ್ಲಿಸಿ, ಉಸಿರು ಹಿಡದು,
ಫಣಿಯ ಸಂದ್ಯಾಗ ಬೆರಳಾಡಸತೇವಲ್ಲ,
ಆಚೆ ಮಾಲಕ ಗಡಿಯಾರ ನೋಡತಿರತಾನಲ್ಲ, ಅದು.

"ಹಾಂ, ಇಲ್ಲೈತಿ. ಇದರ ಮ್ಯಾಲ ಹೊಲಗಿ ಬ್ಯಾಡ.
ಎಲುವಿನ ಹೊದಿಕೀಗೂ ಚುಚ್ಚಬ್ಯಾಡ.
ಬಿಗೀಬ್ಯಾಡ, ಸಡ್ಲ ಇರ್ಲಿ."
ಸಡ್ಲ ಅಂದದ್ದು ಕೇಳಿ
ನನ್ನ ಹಲ್ಲು ಸಡ್ಲಾದವು.

ಮೂರು ತಿಂಗಳಾತು.
ಗಾಯದ ಬಾಜೂಕ ರೂಪಾಯಿ ಬಿಲ್ಲೆಯಷ್ಟು ಜಾಗ ಜೋಮು,
ಮೋಡ ಕಟ್ಟಿದಾಗ ಒಂಚೂರು ಎಳೀತೈತಿ.
"ಪೂರಾ ಖಾತ್ರಿ ಯಾರೂ ಕೊಡಂಗಿಲ್ಲ,
ಹುಡುಕೂದಷ್ಟ ನನ್ನ ಕೈಯಾಗೈತಿ"
ಅಂತ ಆಕೀನೂ ಹೇಳಿದ್ಲು.

ನಿನ್ನೆ ರಾತ್ರಿ ಅಮೋಗಿ ಬಂದ. ಬಾಗಲು ಹಾಕಿದ.
ತೋರಸು ಅಂದ.
ನನ್ನ ಹೊಲಗಿ ಮ್ಯಾಲ ಬೆರಳಿಟ್ಟು ಮೆಲ್ಲಕ ಒತ್ತಿದ,
ನನ್ನ ಮಾರಿ ನೋಡಕೋತ.
ಇಲ್ಲಿ? ಇಲ್ಲಿ?
ನಾ ಇಲ್ಲ ಅಂದಾಗೊಮ್ಮೆ
ಅವನ ಮಾರಿ ಕಿವುಚತಿತ್ತು.

ನಾಳೆ ಅವನ್ನ ಆಕೀ ಕಡೆ ಕರಕೊಂಡು ಹೋಗಬೇಕು.
ಹಳೇ ಆಪರೇಷನ್ ಚೀಟಿ ಎಲ್ಲಿಟ್ಟೀಪಾ ಅಂದರ
ಕಳದಹೋತು ಅಂದ.
ಬಾಗಲ ಹೊರಗ ನಿಂತಿದ್ದ ವೈನಿ
ಟ್ರಂಕಿನ ತಳದಿಂದ ತಗದು ಕೊಟ್ಟಳು,
ನಾಕು ಘಡಿ ಮಾಡಿ,
ಪ್ಲಾಸ್ಟಿಕ್ ಚೀಲದಾಗ, ದಾರ ಸುತ್ತಿ.