ಹದಿನಾಲ್ಕನೆಯ ಹಲ್ಲು

ಭೋಸರಿಯ ಪ್ರಯೋಗಶಾಲೆಯಲ್ಲಿ ರಾತ್ರಿ ಎರಡು ಗಂಟೆ.
ಗೇರ್‌ಪೆಟ್ಟಿಗೆ ಒಂಬತ್ತು ದಿನಗಳಿಂದ ತಿರುಗುತ್ತಲೇ ಇದೆ,
ಎಲ್ಲಿಗೂ ಹೋಗದೆ.
ಇಪ್ಪತ್ತಮೂರು ಹಲ್ಲಿನ ಸಣ್ಣ ಚಕ್ರ,
ಅದನ್ನು ಕಚ್ಚಿಕೊಂಡು ದೊಡ್ಡದು,
ನಡುವೆ ಎಣ್ಣೆ, ಕೂದಲ ನೂರನೇ ಪಾಲಿನಷ್ಟು,
ಉಕ್ಕು ಉಕ್ಕನ್ನು ಮುಟ್ಟಿಯೂ ಮುಟ್ಟದ ಹಾಗೆ.

ನನ್ನ ಕೆಲಸ ಕೇಳುವುದು.
ಪೆಟ್ಟಿಗೆಯ ಪಕ್ಕೆಗೆ ಗ್ರೀಸ್ ಸವರಿ ಅಂಟಿಸಿದ ಸೆನ್ಸರ್,
ಹುಣಸೆಬೀಜದಷ್ಟು,
ನಾಯಿಯ ಕಿವಿಗೂ ಎಟುಕದ ಸದ್ದನ್ನು ಹಿಡಿದು
ಪರದೆಗೆ ಗೆರೆಯಾಗಿ ಕಳಿಸುತ್ತದೆ.

ಅಕ್ಕಲಕೋಟೆಯಿಂದ ಅವ್ವ ಫೋನು ಮಾಡುತ್ತಾಳೆ:
"ನಾಕ್ ವರ್ಷದಿಂದ ಏನ್ ಕಲೀಲಿಕತ್ತೀ?"
"ಸವೆಯೋದು ಹೆಂಗ ಕೇಳಸ್ತದ ಅಂತ."
ಸ್ವಲ್ಪ ಹೊತ್ತು ಸುಮ್ಮನಿದ್ದು,
"ಅದಕ್ಕ ಪುಣೆತನಕ ಯಾಕ,
ನನ್ನ ಮೊಣಕಾಲಿಗೆ ಕಿವಿ ಇಟ್ಟಿದ್ರ ಆಗ್ತಿತ್ತಲ್ಲ."

ಲಾಂಡಗೆ ಕಾಕಾ ರಾತ್ರಿಪಾಳಿಯ ಮೆಕ್ಯಾನಿಕ್.
ಆಕುರ್ಡಿಯ ಫೋರ್ಜಿಂಗ್ ಶೆಡ್ಡಿನ ಸುತ್ತಿಗೆ
ಮೂವತ್ತು ವರ್ಷ ಕೂತು ಅವರ ಎರಡೂ ಕಿವಿ ತಿಂದಿದೆ.
ಮಾತಾಡಿದರೆ ತುಟಿ ನೋಡುತ್ತಾರೆ,
ಕೂಗಿದರೆ ನಗುತ್ತಾರೆ.
ಕಿವುಡನ ಮುಂದೆ ಕಿನ್ನರಿ ಅಂತ ನಮ್ಮ ಗಾದೆ;
ಇಲ್ಲಿ ಕಿನ್ನರಿಯೇ ಐನೂರು ಕಿಲೋ.

ಐದನೇ ದಿನ ಅವರು
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಬೇರಿಂಗಿನ ಮೇಲಿಟ್ಟು
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿದರು.
ಕಣ್ಣು ಮುಚ್ಚಿದರು.
ದವಡೆಯ ಎಲುಬು ಕೇಳಿಸಿಕೊಂಡಿತು.
"ಒಂದು ಹಲ್ಲು ಮುನಿದಿದೆ ಪೋರಿ. ಒಂದೇ."
ಜ್ವರ ಬಂದವರ ಹಾಗೆ ಬೆರಳು ನಡುಗಿಸಿ ತೋರಿಸಿದರು.
ನಾನು ಪರದೆ ತೋರಿಸಿದೆ. ಗೆರೆ ಸಪಾಟು.
ಅವರು ಪರದೆಗೆ ಮರ್ಯಾದೆ ಕೊಟ್ಟು
ಚಹಾ ತರಲು ಹೋದರು.

ಇವತ್ತು, ಎರಡೂ ಇಪ್ಪತ್ತಕ್ಕೆ, ಗೆರೆ ಎದ್ದಿತು.
ಮೋಟಾರು ನಿಲ್ಲಿಸಿ ಎಣ್ಣೆ ಬಸಿದೆ.
ಟಾರ್ಚು ಹಿಡಿದು ಒಂದೊಂದೇ ಹಲ್ಲು ತಿರುಗಿಸಿದೆ.
ಹದಿನಾಲ್ಕನೆಯದರ ಹೊಟ್ಟೆಯಲ್ಲಿ
ಸಿಡುಬಿನ ಕಲೆಯಂಥ ಕುಳಿ.
ಉಳಿದ ಇಪ್ಪತ್ತೆರಡೂ ನಯ.

ಆಮೇಲೆ ನಾನು ಎಸೆದದ್ದನ್ನು ಹುಡುಕಲು ಕೂತೆ.
ಇದರ ಕೆಳಗಿನದೆಲ್ಲ ಗದ್ದಲ ಎಂದು
ಮೂರು ವರ್ಷದ ಹಿಂದೆ ನಾನೇ ಎಳೆದ ಮಿತಿ:
ನಾಸಿಕ್ ರಸ್ತೆಯ ಲಾರಿ, ಪಕ್ಕದ ಶೆಡ್ಡಿನ ಲೇತ್, ಫ್ಯಾನು,
ಎಲ್ಲ ಅಲ್ಲೇ, ಕಸದ ಫೋಲ್ಡರಿನಲ್ಲಿ.
ಐದನೇ ದಿನದ ಕಸ ಬಿಚ್ಚಿದೆ.
ಇತ್ತು.
ನಲವತ್ತು ಮಿಲಿಸೆಕೆಂಡಿಗೊಂದು ಚುಕ್ಕೆ,
ಸುತ್ತಿಗೊಂದು, ತಪ್ಪದೆ,
ಬಾಗಿಲು ತಟ್ಟಲು ನಾಚುವವರ ಹಾಗೆ.

ಬೆಳಿಗ್ಗೆ ಪ್ರೊಫೆಸರ್ ಕೇತಕರ ಕೇಳುತ್ತಾರೆ:
ಮಿತಿ ಇಳಿಸಲು ಆಧಾರವೇನು?
ಉಪಕರಣಗಳ ಪಟ್ಟಿಯಲ್ಲಿ ಮೂರು ಅಂಕಣ,
ಹೆಸರು, ಸೂಕ್ಷ್ಮತೆ, ಕೊನೆಯ ತಪಾಸಣೆಯ ದಿನಾಂಕ.
ಕೆಳದವಡೆ, ಎರಡು ಹಲ್ಲು ಕಮ್ಮಿ,
ತಂಬಾಕಿನ ಕಲೆ,
ತಪಾಸಣೆ ಯಾರೂ ಮಾಡಿಲ್ಲ.

ಕಾಕಾ ಬಸಿದ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ
ಏನೂ ಅನ್ನಲಿಲ್ಲ.
ಹೊಸ ಚಕ್ರ ಕೂರಿಸಿ ಮೋಟಾರು ಹಾಕಿದೆವು.
ಸ್ಕ್ರೂಡ್ರೈವರನ್ನು ಹೆಗಲ ಟವಲಿಗೆ ಒರೆಸಿ
ನನ್ನ ಕಡೆ ಚಾಚಿದರು.

ಕಚ್ಚಿದೆ. ಮರ, ಸುಣ್ಣ, ತಂಬಾಕು.
ಮೊದಲು ಏನೂ ಇಲ್ಲ.
ಆಮೇಲೆ ತಲೆಬುರುಡೆಯೆಲ್ಲ ಗಿರಣಿ.
ಅದರಲ್ಲಿ ಚಕ್ರದ್ದು ಯಾವುದು,
ನಿದ್ದೆಯಲ್ಲಿ ಹಲ್ಲು ಕಡಿಯುವ ನನ್ನದೇ ದವಡೆಯದು ಯಾವುದು,
ಗೊತ್ತಾಗುತ್ತಿಲ್ಲ.

"ಮೆಲ್ಲಗೆ ಕಚ್ಚು,"
ಅಂದರು ಕಾಕಾ, ನನ್ನ ತುಟಿ ನೋಡುತ್ತ.